ಮುಖದ ಜಾಗದಲ್ಲೊಂದು ಸುರಗಿ

"ಡಾಕ್ಟ್ರೇ, ನಿಮ್ಮ ಬೋರ್ಡು ಜನರನ್ನ ಓಡಿಸ್ತದೆ!"

ಬಾಯಲ್ಲಿ ಹತ್ತಿ ಇಟ್ಟುಕೊಂಡೇ ರೋಗಿ ಹಾಗೆಂದುಬಿಟ್ಟನಲ್ಲ! ಚಂದನಾಳ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಹೊನ್ನಾವರದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಅವಳು ಹಲ್ಲಿನ ದವಾಖಾನೆ ತೆರೆದಿದ್ದಳು. ಕುರ್ಚಿ ಹೊಸದು, ರೋಗಿಗಳು ಮಾತ್ರ ಅಪರೂಪ.

"ಬೋರ್ಡಿಗೆ ಎಂತ ಆಗಿದೆ?"

"ಅಷ್ಟು ದೊಡ್ಡ ಇಕ್ಕಳದ ಚಿತ್ರ! ನಾನೇ ಮೆಟ್ಟಿಲಿಂದ ವಾಪಸ್ ಹೋಗುವವನಿದ್ದೆ."

ನಗು ತಡೆದು, ಅವನ ಭುಜದ ಮೇಲೆ ಕೈಯಿಟ್ಟಳು. "ಹೆದರಬೇಡಿ. ನಾನಿಲ್ಲೇ ಇದ್ದೇನೆ."

ಅವನು ವಿನೋದ, ಕೆಳಗಿನ ಓಣಿಯ ಸೈಬರ್ ಕೆಫೆಯವನು. ಊರ ಹುಡುಗರೆಲ್ಲ ಇಂಟರ್‌ನೆಟ್ಟಿನ ಆರ್ಕುಟ್ಟಿಗೆ ಮುಗಿಬಿದ್ದಿದ್ದ ಕಾಲ ಅದು. ದವಾಖಾನೆಗೂ ಅಲ್ಲೊಂದು ಪುಟ ಮಾಡಿಕೊಡುತ್ತೇನೆಂದ.

"ನಿಮ್ಮನ್ನ ನೀವೇ ಹೊಗಳ್ಕೊಳ್ಳಬೇಡಿ. ಜನ ಎಂತಕ್ಕೆ ಹೆದರ್ತಾರೆ, ಅದಕ್ಕೆ ಉತ್ತರ ಬರೀರಿ. ಹೊಗಳಿಕೆ ಬೇರೆಯವರ ಬಾಯಿಂದ ಬರಲಿ."

"ಆತು. ಆದರೆ ಒಂದೂ ಸುಳ್ಳು ಬೇಡ!"

ಬಾಯಿ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಅಜ್ಜಿಯ ಕಥೆಯಲ್ಲೊಬ್ಬ ಮದುಮಗ ಬರುತ್ತಿದ್ದ. ಮಾತು ಜೇನು, ಮೋರೆ ಚಂದ... ಪಂಚೆಯೊಳಗೆ ಮಾತ್ರ ಹುಲಿಯ ಬಾಲ! "ಮಾತು ಕೇಳಬೇಡ ಮಗಾ, ಬಾಲ ನೋಡು" ಎನ್ನುತ್ತಿದ್ದಳು ಅಜ್ಜಿ.

ಇವನ ಬಾಲ ಎಲ್ಲಿದೆ...?

ಪುಟದ ತುಂಬ ಹೊಗಳಿಕೆ ಬರತೊಡಗಿತು. ದವಾಖಾನೆಯ ಬೆಂಚೂ ತುಂಬತೊಡಗಿತು. ವಿನೋದ ಎದುರು ಸಿಕ್ಕಾಗಲೆಲ್ಲ ಅವಳ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಅದಕ್ಕೇ ಇನ್ನಷ್ಟು ಅನುಮಾನ!

ಆಗ ಬಂತು ಕುಮಟೆಯಿಂದ ಫೋನು. ಶಾಲೆಯ ಮಕ್ಕಳ ಹಲ್ಲು ತಪಾಸಣೆಯನ್ನು ಅವಳಿಗೇ ಒಪ್ಪಿಸುತ್ತೇವೆ ಎಂದಿದ್ದ ಹೆಡ್‌ಮಾಸ್ತರು ರಮಾನಂದರದು.

"ನೋಡಮ್ಮಾ, ನಿನ್ನ ಹೊಗಳಿದವರಿಗೆ ಮುಖವೇ ಇಲ್ಲ. ಎಲ್ಲ ಹೂವಿನ ಚಿತ್ರ. ಸುಳ್ಳು ಹೆಸರುಗಳು ಅಂತಾರೆ. ಹೌದಾದರೆ ನಮಗೆ ಬೇರೆ ಡಾಕ್ಟರು ಬೇಕು."

ದವಾಖಾನೆಯ ಕಂಪ್ಯೂಟರಿನಲ್ಲಿ ಪುಟ ತೆರೆದಳು. ಅಬ್ಬಲಿಗೆ, ಮಲ್ಲಿಗೆ, ಸೇವಂತಿಗೆ... ಕೊನೆಯಲ್ಲಿ ಸುರಗಿ. ಅದರಡಿ ಬರೆದಿತ್ತು: 'ಆ ಡಾಕ್ಟರು ನಾನಿಲ್ಲೇ ಇದ್ದೇನೆ ಅಂದರೆ, ಇನ್ನೊಂದು ಹಲ್ಲೂ ನೋಯಬಾರದಾ ಅನಿಸ್ತದೆ.'

ಯಾವ ರೋಗಿ ಹೀಗೆ ಬರೀತಾನೆ? ಸಿಕ್ಕಿತು ಬಾಲ!

ದಡದಡನೆ ಮೆಟ್ಟಿಲಿಳಿದು ಕೆಫೆಗೆ ನುಗ್ಗಿದಳು. "ಸುಳ್ಳು ಬೇಡ ಅಂದಿದ್ದೆ! ನನ್ನ ಹೆಸರು ಹಾಳು ಮಾಡಿದ್ರಲ್ಲ!"

ವಿನೋದ ಬೆಚ್ಚಿ ಎದ್ದ. ಅವನ ಪಕ್ಕದ ಕುರ್ಚಿಯಲ್ಲಿ, ಚಂದನಾಳ ಹತ್ತಿರ ಹಲ್ಲು ಸರಿಮಾಡಿಸಿಕೊಂಡಿದ್ದ ಮೀನು ಮಾರುವ ಗಣಪಿ ಕೂತಿದ್ದಳು. ಬುಟ್ಟಿ ಬಾಗಿಲಾಚೆ, ಮುಡಿಯ ತುಂಬ ಅಬ್ಬಲಿಗೆ.

"ಎಂತ ಸುಳ್ಳು ಡಾಕ್ಟ್ರಮ್ಮಾ? ನಂಗೆ ಅಕ್ಷರ ಬರೂದಿಲ್ಲ. ನಾ ಹೇಳ್ದೆ, ಅಂವ ಬರ್ದ. ಮೋರೆ ಹಾಕೂಕೆ ನಾಚ್ಕೆ, ಮುಡ್ಕಂಡ ಹೂವೇ ಹಾಕು ಅಂದೆ. ಮಾರ್ಕೆಟಿನ ಹೆಂಗಸ್ರೆಲ್ಲ ಹಾಂಗೇ!"

ಚಂದನಾ ಕುಮಟೆಯಿಂದ ಬಂದ ಫೋನಿನ ಮಾತು ಹೇಳಿದಳು. ವಿಷಯ ತಿಳಿದ ಗಣಪಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಆ ಮಾಸ್ತರಿಗೆ ಫೋನ್ ಹಚ್ಚಿ ಕೊಡು!"

ಫೋನು ಹಿಡಿದವಳೇ ಗದರಿದಳು. "ನಾನೇ ಆ ಅಬ್ಬಲಿಗೆ! ಕುಮಟೆಗೇ ಬಂದು ಹಲ್ಲು ತೋರ್ಸ್ಲಾ ಮಾಸ್ತರೇ?"

ಆ ಕಡೆಯಿಂದ ದೊಡ್ಡ ನಗು. ತಪಾಸಣೆ ಉಳಿಯಿತು! ಗಣಪಿ ಬುಟ್ಟಿ ಹೊತ್ತು ಹೊರಟಳು.

ಈಗ ಇಬ್ಬರೇ...

"ತಪ್ಪು ತಿಳಿದೆ" ಎಂದಳು ಚಂದನಾ ಮೆಲ್ಲಗೆ. "ಆದರೆ... ಸುರಗಿ ಮುಡಿಯುವವಳು ಯಾರು?"

ವಿನೋದನ ಕಿವಿ ಕೆಂಪಾಯಿತು. "ಅದು... ಮುಡಿಯುವವಳಲ್ಲ."

"ಹಾಗಾದರೆ ಸುಳ್ಳು ಹೆಸರು ಒಂದಿತ್ತು!"

"ಹೆಸರು ಸುಳ್ಳು ಡಾಕ್ಟ್ರೇ. ಮಾತಲ್ಲ."

ಅಜ್ಜೀ, ಬಾಲ ಸಿಕ್ಕಿತು... ಆದರೆ ಹೆದರಿಕೆಯೇ ಆಗ್ತಿಲ್ಲವಲ್ಲ!

"ಅದನ್ನ ಅಳಿಸಿ" ಎಂದಳು.

ಅವನು ತಲೆ ತಗ್ಗಿಸಿ ಅಳಿಸಿದ. ಪರದೆಯಿಂದ ಸುರಗಿ ಮಾಯವಾಯಿತು.

"ಈಗ ಅದನ್ನೇ ನಿಮ್ಮ ಹೆಸರಲ್ಲಿ, ನನ್ನ ಮುಖ ನೋಡಿ ಹೇಳಿ."

"ಚಂದನಾ..." ಮೊದಲ ಸಲ ಹೆಸರು ಹಿಡಿದು ಕರೆದಿದ್ದ. "ಹೆದರಿಕೆ ಆಗ್ತದೆ."

ಅವಳು ಅವನ ಭುಜದ ಮೇಲೆ ಕೈಯಿಟ್ಟಳು.

"ಹೆದರಬೇಡಿ. ನಾನಿಲ್ಲೇ ಇದ್ದೇನೆ."