ಅರ್ಧ ಕ್ಯಾನು ನಲ್ಲಿ ನೀರು

ಬಚ್ಚಲಲ್ಲಿ ಕ್ಯಾನು ಉರುಳಿ ಬಿತ್ತು. ಪುಟ್ಟ ಹುಡುಗಿ ಗಿಣಿ ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧ ಖಾಲಿ.

ತಾನಾಗಿ ಬಿದ್ದದ್ದಲ್ಲ, ಇವಳೇ ಅವಸರದಲ್ಲಿ ಬಕೆಟ್ ಎಳೆದು ಬೀಳಿಸಿದ್ದು. ಒಳಗಿದ್ದದ್ದು ಅಮ್ಮನ ಮೂತ್ರ. ನಗಬೇಡಿ. ನಿನ್ನೆ ಬೆಳಗ್ಗೆಯಿಂದ ಇಡೀ ದಿನದ್ದನ್ನು ಒಂದು ಹನಿಯೂ ಬಿಡದೆ ಹಿಡಿದು ಲ್ಯಾಬಿಗೆ ಕೊಡಬೇಕಿತ್ತು. ಅದಕ್ಕೆಂದೇ ಅಮ್ಮ ಟೈಲರ್ ಅಂಗಡಿಯ ಕೆಲಸಕ್ಕೆ ರಜೆ ಹಾಕಿದ್ದಳು.

ಅಮ್ಮನ ಕಾಯಿಲೆ ತೀರಾ ಅಪರೂಪದ್ದು. ರೋಗಗಳಿಂದ ಮೈ ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಅವಳ ಕಿಡ್ನಿಯನ್ನು ಕೆಡಿಸುತ್ತಿತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೈಯಲ್ಲಿ ಉಳಿಯಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತಿತ್ತು. ಊದಿದ ಕಾಲು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಮಿಷನ್ ತುಳಿಯಲು ಕೂತರೆ ಸುಸ್ತು. ಮಾತ್ರೆ ನುಂಗಿ ನುಂಗಿ ಮುಖವೂ ಗುಂಡಗಾಗಿತ್ತು. ಎಷ್ಟು ಸೋರುತ್ತಿದೆ ಅಂತ ಗೊತ್ತಾಗುವುದು ಈ ಕ್ಯಾನಿನಿಂದಲೇ.

ಗಿಣಿ ನಲ್ಲಿ ತಿರುಗಿಸಿ, ಮೊದಲಿದ್ದ ಮಟ್ಟಕ್ಕೆ ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿದಳು.

ಮೂರನೇ ದಿನ ಡಾಕ್ಟರಮ್ಮ ರಿಪೋರ್ಟ್ ನೋಡಿ ಹುಬ್ಬೇರಿಸಿದರು. ಸೋರಿಕೆ ತುಂಬಾ ಇಳಿದಿದೆಯಂತೆ. ಮಾತ್ರೆ ಅರ್ಧಕ್ಕೆ ಇಳಿಸಬಹುದಂತೆ. ಎಷ್ಟೋ ತಿಂಗಳ ಮೇಲೆ ಅಮ್ಮ ಬಾಯ್ತುಂಬ ನಕ್ಕಳು.

ಬಾಯಿ ಮುಚ್ಚಿ ಗೊತ್ತಿಲ್ಲದ್ದಕ್ಕೇ ಇವಳಿಗೆ ಗಿಣಿ ಅಂತ ಹೆಸರು ಬಿದ್ದದ್ದು. ಈಗ ಮಾತ್ರ ತುಟಿ ಬಿಗಿಹಿಡಿದು ಅಮ್ಮನ ಮುಖ ನೋಡಿದಳು. ಹೇಳಿದರೆ ಅಮ್ಮನ ನಗು ಹೋಗುತ್ತದೆ. ಹೇಳದಿದ್ದರೆ? ಡಾಕ್ಟರಮ್ಮನ ಪೆನ್ನು ಆಗಲೇ ಚೀಟಿಯ ಮೇಲೆ ಓಡುತ್ತಿತ್ತು.

“ಬರೀಬೇಡಿ ಆಂಟಿ,” ಅಂದಳು ಗಿಣಿ. “ಅದ್ರಲ್ಲಿ ಅರ್ಧ ನಲ್ಲಿ ನೀರು. ನಾನೇ ಚೆಲ್ಬಿಟ್ಟೆ, ನಾನೇ ತುಂಬಿಸ್ದೆ.”

ಪೆನ್ನು ನಿಂತಿತು. ಅಮ್ಮನ ನಗುವೂ ನಿಂತಿತು. ಗಿಣಿಗೆ ಅಳು ಬಂತು.

ಈ ರಿಪೋರ್ಟ್ ನಂಬಿ ಮಾತ್ರೆ ಇಳಿಸಿದ್ದರೆ ಕಾಯಿಲೆ ಮತ್ತೆ ಜೋರಾಗುತ್ತಿತ್ತು ಎಂದರು ಡಾಕ್ಟರಮ್ಮ. ಬರೆದದ್ದನ್ನು ಹೊಡೆದುಹಾಕಿ, ಇನ್ನೊಂದು ಖಾಲಿ ಕ್ಯಾನು ಕೊಟ್ಟರು.

ಮನೆ ಬಾಗಿಲ ಹತ್ತಿರ ಬಂದಾಗ ಅಮ್ಮ ಕೇಳಿದಳು, “ಆಗ್ಲೇ ಯಾಕೆ ಹೇಳ್ಲಿಲ್ಲ?”

“ನೀನು ಮತ್ತೆ ರಜೆ ಹಾಕ್ಬೇಕಲ್ಲ ಅಂತ...”

ಅಮ್ಮ ಅವಳ ಜಡೆಯನ್ನು ಮೆಲ್ಲಗೆ ಎಳೆದಳು. “ರಜೆ ಸಿಗುತ್ತೆ ಕಣೆ. ಕಿಡ್ನಿ ಸಿಗುತ್ತಾ?”

ಮುಂದಿನ ಭಾನುವಾರ ಗಿಣಿ ಬಚ್ಚಲ ಬಾಗಿಲಲ್ಲೇ ಠಿಕಾಣಿ ಹೂಡಿದಳು. ಅಪ್ಪ ಕೈಕಾಲು ತೊಳೆಯುವುದಕ್ಕೂ ಇವಳ ಪರ್ಮಿಷನ್ ಬೇಕಾಯಿತು.

ಹೊಸ ರಿಪೋರ್ಟ್ ಹಿಂದಿನದರಷ್ಟು ಚೆನ್ನಾಗಿರಲಿಲ್ಲ. ಆದರೂ ಸೋರಿಕೆ ಹೋದ ತಿಂಗಳಿಗಿಂತ ಕಡಿಮೆಯಾಗಿತ್ತು. ಔಷಧಿ ಹಿಡಿಯುತ್ತಿದೆ, ದಿನಕ್ಕೆ ಒಂದು ಮಾತ್ರೆ ಕಡಿಮೆ ಮಾಡೋಣ ಅಂದರು ಡಾಕ್ಟರಮ್ಮ.

ಅಮ್ಮ ತಿರುಗಿ ಗಿಣಿಯ ಮುಖ ನೋಡಿದಳು.

“ಒಂದು ಹನೀನೂ ಚೆಲ್ಲಿಲ್ಲಮ್ಮ,” ಅಂದಳು ಗಿಣಿ.

ಆಗ ಅಮ್ಮ ನಕ್ಕಳು. ಗಿಣಿ ತಲೆ ಎತ್ತಿ ಆ ನಗುವನ್ನು ಕಣ್ತುಂಬ ನೋಡಿದಳು.