ಹುಣಸೆಮರದ ಹಾದಿ

"ಆ ಗೆರೆ ಒಂದ ಮುಟ್ಬ್ಯಾಡಿ ಮೇಷ್ಟ್ರೇ. ಮಿಕ್ಕಿದ್ದು ಏನಾರ ಮಾಡ್ಕಳಿ."

ಬಂಗಲೆ ಕಾಯುವ ಓಬಳಮ್ಮ ಹೊಸ್ತಿಲಾಚೆಯೇ ನಿಂತಿದ್ದಳು. ಚಿತ್ರ ಶುಚಿ ಮಾಡಲು ಬಂದಿದ್ದ ಡ್ರಾಯಿಂಗ್ ಮೇಷ್ಟ್ರು ನಾಗಲಿಂಗಯ್ಯ ನಕ್ಕ. ನೂರು ವರ್ಷದ ಹಿಂದೆ ಯಾವನೋ ಇಂಗ್ಲಿಷ್ ದೊರೆ ಬರೆದ ತೈಲಚಿತ್ರ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಹಾದಿ, ಎರಡೂ ಕಡೆ ಹುಣಸೆಮರ, ಒಂದು ನರಪಿಳ್ಳೆಯೂ ಇಲ್ಲ. ಅಂಥ ಹಾದಿಗೆ ಅಡ್ಡಲಾಗಿ ಬೆರಳಗಲದ ಸುಣ್ಣದ ಗೆರೆ.

"ಯಾರಮ್ಮ ಈ ಘನಕಾರ್ಯ ಮಾಡಿದ್ದು?"

"ನಾನೇ. ಅಮಾಸೆ ಅಮಾಸೆಗೂ ಎಳೀತೀನಿ. ಹಿಂದೆ ನಮ್ಮತ್ತೆ ಎಳೀತಿದ್ಲು. ದೊರೆ ಒಬ್ಬ ಬಂಡಿಯೋನ್ನ ಮೂರು ದಿನ ಬಿಸಿಲಾಗೆ ನಿಲ್ಸಿ ಬರೆದ್ನಂತೆ. ಅವ್ನು ಅಲ್ಲೇ ಬಿದ್ದು ಸತ್ತ. ಅವನವ್ವ ಮಾಟ ಮಾಡ್ಸಿದ್ಲು, ಈ ದಾರೀಲಿ ಬರೋರು ಮನೆ ಸೇರಬಾರದು ಅಂತ. ಅವತ್ತೇ ಬಂಡಿ ಚಿತ್ರದೊಳಗಿಂದ ಮಾಯ."

"ಅಯ್ಯೋ, ನನ್ನ ಹೊಸ ಹೆಂಡ್ತಿ ಇವತ್ತು ಮೊದಲನೇ ಸಲ ಬರ್ತಾ ಇದ್ದಾಳಲ್ಲಮ್ಮ, ಪಾವಗಡದ ಬಸ್ಸಲ್ಲಿ!"

"ಗೆರೆ ಇರೋಗಂಟ ಭಯ ಇಲ್ಲ," ಎಂದಳು ಓಬಳಮ್ಮ. ಅವಳು ನಗಲಿಲ್ಲ.

ಅವಳು ಹಿತ್ತಿಲಿಗೆ ಹೋದದ್ದೇ ತಡ, ಅವನು ಟರ್ಪೆಂಟೈನ್ ಬಟ್ಟೆಯಿಂದ ಗೆರೆ ಉಜ್ಜಿದ. ಸುಣ್ಣ ಸುಲಭವಾಗಿ ಬಿಟ್ಟಿತು.

ಸೂರಿನ ಗುಬ್ಬಿಗಳು ಸುಮ್ಮನಾದವು. ಟರ್ಪೆಂಟೈನಿನ ಘಾಟು ಅಡಗಿ ಕಾದ ಧೂಳಿನ ವಾಸನೆ ಬಂತು. ಆಮೇಲೆ ಕೂದಲು ಸುಟ್ಟ ಕಮಟು. ದೂರದಲ್ಲೆಲ್ಲೋ ಬಂಡಿಯ ಗೆಜ್ಜೆ.

ಗೆಜ್ಜೆ ಚಿತ್ರದೊಳಗಿತ್ತು.

ಹಾದಿಯ ತುದಿಯಲ್ಲಿ ಒಂದು ಚುಕ್ಕೆ. ಆ ಚುಕ್ಕೆ ಹೆಂಗಸಾಯಿತು. ತಲೆ ತುಂಬ ಸೆರಗು. ಓಡುತ್ತಿದ್ದಳು. ಅವಳ ಹಿಂದೆ ಬಂಡಿ. ನೊಗ ಇತ್ತು, ಎತ್ತುಗಳಿರಲಿಲ್ಲ.

"ಸುಣ್ಣ! ಸುಣ್ಣ ತಾರಮ್ಮ!" ಎಂದು ನಾಗಲಿಂಗಯ್ಯ ಕೂಗಿದ.

ಹಿತ್ತಿಲಿಂದ ಓಡಿಬಂದ ಓಬಳಮ್ಮ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕಿತ್ತು ಕೊಟ್ಟಳು. ಹೆಂಗಸು ಹತ್ತಿರವಾದಳು. ಕೈ ಚಾಚಿದಳು. ಅವನು ಅವಳ ಮುಖ ನೋಡಲಿಲ್ಲ. ಬೆರಳು ಅದ್ದಿದ. ಗೆರೆ ಎಳೆದ.

ಗೆಜ್ಜೆ ನಿಂತಿತು.

ಹೊರಗೆ ಬಸ್ಸಿನ ಹಾರನ್. ಕಂಡಕ್ಟರ್ ಒಂದು ಟ್ರಂಕು ತಂದು ಜಗಲಿಯ ಮೇಲಿಟ್ಟ.

"ನಿಮ್ಮನೆಯೋರು ಹುಣಸೆಮರದ ತಾವ ಇಳಿದ್ಬುಟ್ರು ಮೇಷ್ಟ್ರೇ. ನೀವು ನಿಂತ್ಕಂಡು ಕೈ ಬೀಸ್ತಿದ್ರಂತೆ. ನಮಗ್ಯಾರೂ ಕಾಣ್ಲಿಲ್ಲಪ್ಪ."

ನಾಗಲಿಂಗಯ್ಯ ಚಿತ್ರದತ್ತ ತಿರುಗಿದ. ಗೆರೆಯ ಆಚೆ, ಒಂದೇ ಹೆಜ್ಜೆ ದೂರದಲ್ಲಿ, ಅವನ ಹೆಂಡತಿ ರಾಮಾಂಜಿನಮ್ಮ. ಧಾರೆಯ ಹಸಿರು ಸೀರೆ. ಚಾಚಿದ ಕೈ ಚಾಚಿದಂತೆಯೇ ಇತ್ತು. ಬಂಡಿಯ ಗಾಲಿ ಅವಳ ಹಿಮ್ಮಡಿಗೆ ತಾಗಿ ನಿಂತಿತ್ತು.

ಅವನು ಒದ್ದೆ ಬಟ್ಟೆಗೆ ಕೈ ಹಾಕಿದ. ಓಬಳಮ್ಮ ಮುಂಗೈ ಹಿಡಿದಳು.

"ಒರೆಸಿದ್ರೆ ಅವ್ರೊಬ್ರೇ ದಾಟಲ್ಲ ಸ್ವಾಮಿ."

ಬಟ್ಟೆ ಕೆಳಗೆ ಬಿತ್ತು.

ಮುಂದಿನ ಅಮಾವಾಸ್ಯೆಗೆ ಸುಣ್ಣ ಕಲಸಿದವನು ನಾಗಲಿಂಗಯ್ಯನೇ. ಗೆರೆ ಎಳೆಯುವಾಗ, ಆವತ್ತಿನಂತೆಯೇ, ಅವನು ಅವಳ ಮುಖ ನೋಡಲಿಲ್ಲ.