ಕೇಸ್ ನಂಬರ್ ಒಂದು

"ಹೆಸರು?"

"ಲೇ, ನನ್ನ ಹೆಸರು ನಿಂಗೆ ಗೊತ್ತಿಲ್ವಾ?"

"ಫಾರ್ಮ್‌ನಲ್ಲಿ ಬರೀಬೇಕು ಕಣೇ. ಸುಮ್ನೆ ಹೇಳು."

"ಪೆನ್ಸಿಲ್ ಅಂತಾನೇ ಬರ್ಕೋ."

ಪೆನ್ಸಿಲ್ ಅಂದರೆ ಐದನೇ ಕ್ಲಾಸಿಗೇ ಉದ್ದ, ಐದನೇ ಕ್ಲಾಸಿಗೇ ಸಣಕಲಿ. ಫಾರ್ಮ್ ತುಂಬುತ್ತಿದ್ದವಳು ಅವಳ ಗೆಳತಿ ರೇಡಿಯೊ. ಬೆಳಗಿನ ಮೊದಲ ಬೆಲ್ಲಿನಿಂದ ಸಂಜೆಯ ಕೊನೆಯ ಬೆಲ್ಲಿನವರೆಗೆ ಅವಳ ಬಾಯಿಗೆ ಬಿಡುವೇ ಇಲ್ಲ. ಆ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ.

ಊಟದ ಬಿಡುವಿನಲ್ಲಿ ಇಬ್ಬರೂ ಮೆಟ್ಟಿಲ ಕೆಳಗೆ ಕೂತು ಆಸ್ಪತ್ರೆ ಆಟ ಆಡುತ್ತಿದ್ದರು. ಸೂಜಿ ಚುಚ್ಚುವ ಆಸ್ಪತ್ರೆಯಲ್ಲ. ರೇಡಿಯೊಳ ಅಮ್ಮ ಆಸ್ಪತ್ರೆಯಲ್ಲಿ ಸೋಷಿಯಲ್ ವರ್ಕರ್. ಮನಸ್ಸಿಗೆ ಕಷ್ಟವಾದವರು ಬಂದರೆ ಅಮ್ಮ ಎದುರಿಗೆ ಕೂತು ಕೇಳುತ್ತಾಳೆ. ಏನು ತೊಂದರೆ, ಯಾವಾಗಿನಿಂದ, ಮನೆಯಲ್ಲಿ ಯಾರು ಯಾರಿದ್ದಾರೆ. ಕೇಳಿದ್ದನ್ನು ಬರೆದುಕೊಳ್ಳುತ್ತಾಳೆ. ರೇಡಿಯೊ ಆಟವನ್ನು ಅಲ್ಲಿಂದಲೇ ಕಲಿತಿದ್ದಳು.

"ಏನು ತೊಂದರೆ?" ಎಂದಳು, ಅಮ್ಮನ ಹಾಗೇ ತಲೆ ವಾಲಿಸಿ.

ಪೆನ್ಸಿಲ್ ಕಿಸಕ್ಕನೆ ನಕ್ಕಳು. ಆಮೇಲೆ ನಗು ನಿಂತುಹೋಯಿತು.

"ಅಜ್ಜಿ ತೀರಿಹೋದ್ರಲ್ಲ, ಅವತ್ತಿಂದ ನಂಗೆ ಹಾಸಿಗೆ ಒದ್ದೆ ಆಗ್ತಿದೆ. ವಾರಕ್ಕೆ ಮೂರು ಸಲ. ಯಾರಿಗೂ ಹೇಳ್ಬೇಡ."

"ನಿನ್ನಾಣೆ ಹೇಳಲ್ಲ," ಎಂದು ರೇಡಿಯೊ ನೀಟಾಗಿ ಬರೆದುಕೊಂಡಳು.

ಅವಳು ಹೇಳಲೂ ಇಲ್ಲ. ಆದರೆ ಬರೆದದ್ದು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ಅಂದು ಮಧ್ಯಾಹ್ನವೇ ಟೀಚರ್ ಕರೆಕ್ಷನ್‌ಗೆಂದು ಎಲ್ಲರ ನೋಟ್‌ಬುಕ್ ತೆಗೆದುಕೊಂಡರು. ಮರುದಿನ ಅವನ್ನು ಹಂಚುವ ಕೆಲಸ ಕ್ಲಾಸ್ ಲೀಡರ್‌ಗೆ ಬಂತು. ರೇಡಿಯೊಳ ನೋಟ್‌ಬುಕ್ ಅವನ ಕೈಯಿಂದ ಜಾರಿ ಬಿದ್ದು ಕೊನೆಯ ಹಾಳೆ ತೆರೆದುಕೊಂಡಿತು. ಮುಚ್ಚಿ ಕೊಟ್ಟಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

"ಕೇಸ್ ನಂಬರ್ ಒಂದು!" ಎಂದು ಗಟ್ಟಿಯಾಗಿ ಓದಿದ. "ಹೆಸರು, ಪೆನ್ಸಿಲ್. ತೊಂದರೆ, ಹಾಸಿಗೆ ಒದ್ದೆ..."

ಟೀಚರ್ ಓಡಿಬಂದು ಕಿತ್ತುಕೊಳ್ಳುವಷ್ಟರಲ್ಲಿ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಲೀಡರ್‌ನನ್ನು ಟೀಚರ್ ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ರೇಡಿಯೊಗೆ ಅದೊಂದೂ ಕೇಳಿಸಲಿಲ್ಲ. ಪೆನ್ಸಿಲ್ ಅಳಲಿಲ್ಲ, ಜಗಳವಾಡಲಿಲ್ಲ. ಬ್ಯಾಗ್ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋಗಿ ಕೂತಳು.

ಸಂಜೆ ಎಂದಿನಂತೆ ಆಸ್ಪತ್ರೆಯಲ್ಲಿ ಅಮ್ಮನ ರೂಮಿಗೆ ಹೋದಳು. ಎರಡು ಕುರ್ಚಿ, ಟಿಶ್ಯೂ ಡಬ್ಬ, ಕಬ್ಬಿಣದ ಒಂದು ಬೀರು. ಗಡಿಯಾರ ಮಾತ್ರ ಬಂದವರ ಕುರ್ಚಿಯ ಹಿಂದಿನ ಗೋಡೆಯಲ್ಲಿತ್ತು. ಮಾತಿನ ನಡುವೆ ಕೈಗಡಿಯಾರ ನೋಡಿದರೆ "ಸಾಕು, ಏಳಿ" ಅಂದ ಹಾಗಾಗುತ್ತದೆ ಅನ್ನುವುದು ಅಮ್ಮನ ಲೆಕ್ಕ.

"ನಾನು ಯಾರಿಗೂ ಹೇಳಿಲ್ಲಮ್ಮ! ಬರೆದೆ ಅಷ್ಟೇ. ಓದಿದ್ದು ಅವನು. ತಪ್ಪು ಅವನದ್ದೇ ತಾನೇ?"

ಅಮ್ಮ ಸುಮ್ಮನೆ ಕಾದಳು. ಅಮ್ಮ ಹೀಗೆ ಕಾಯುವುದಕ್ಕಿಂತ ಬೈದರೇ ವಾಸಿ ಅನ್ನಿಸಿತು ರೇಡಿಯೊಗೆ.

"ಪೆನ್ಸಿಲ್‌ಗೆ ಏನಾಗಿದೆ ಗೊತ್ತಾ? ಅವಳಿಗೆ ರಾತ್ರಿ..."

ಅಮ್ಮ ಕೈ ಎತ್ತಿ ತಡೆದಳು. "ಅದು ಅವಳ ವಿಷಯ. ಅವಳು ನಂಗೆ ಹೇಳಿಲ್ಲ. ನಿಂದು ಹೇಳು ಪುಟ್ಟಿ."

ತನ್ನದು ಏನು? ರೇಡಿಯೊಗೆ ಬಂದದ್ದು ಅಳು.

"ಅವಳು ನನ್ನ ಕಡೆ ನೋಡ್ತಾನೂ ಇಲ್ಲ. ನೀನೇ ಬಂದು ಮಾತಾಡಮ್ಮ, ಪ್ಲೀಸ್. ನಿನ್ನ ಕೆಲಸಾನೇ ಅದಲ್ವಾ?"

"ಅವಳಿಗೆ ಬೇಕು ಅನ್ನಿಸಿದ್ರೆ ಬರ್ಲಿ, ಎಷ್ಟು ಹೊತ್ತಾದ್ರೂ ಕೂರ್ತೀನಿ. ಆದ್ರೆ ನೀನು ಆಡಬೇಕಾದ ಮಾತನ್ನ ನಾನು ಆಡೋಕಾಗಲ್ಲ."

ಹೊರಡುವ ಮುಂಚೆ ಅಮ್ಮ ಅಂದಿನ ಫೈಲುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹಿಡಿಯನ್ನು ಎರಡು ಸಲ ಜಗ್ಗಿ ನೋಡಿದಳು. "ಬರೀ ಕಾಗದ ತಾನೇ, ಯಾವ ಕಳ್ಳ ಬರ್ತಾನೆ?" ಎಂದು ದಿನವೂ ರೇಗಿಸುತ್ತಿದ್ದ ರೇಡಿಯೊ ಅಂದು ಏನೂ ಅನ್ನಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಪೆನ್ಸಿಲ್ ಒಬ್ಬಳೇ ಮೆಟ್ಟಿಲ ಕೆಳಗಿದ್ದಳು. ರೇಡಿಯೊ ಆ ಹಾಳೆಯನ್ನು ಹರಿದು ತಂದಿದ್ದಳು.

"ನಂದೇ ತಪ್ಪು. ಇದು ನಿಂದು, ತಗೋ."

ಪೆನ್ಸಿಲ್ ಹಾಳೆಯನ್ನು ಚೂರುಚೂರು ಮಾಡಿದಳು. ಚೂರುಗಳನ್ನು ತನ್ನ ಖಾಲಿ ಊಟದ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. ಹೋಗು ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ರೇಡಿಯೊ ಕೂತಳು. ಬಾಯಿ ಮುಚ್ಚಿಕೊಂಡು ಕೂತಳು. ಅವಳ ಜನ್ಮದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ನಿದ್ದೆಯಲ್ಲೂ ಇರಲಿಲ್ಲ.

"ಮಲಗುವಾಗ ಅಜ್ಜಿ ನನ್ನ ಬೆನ್ನ ಮೇಲೆ ಕೈ ಇಟ್ಕೊಳ್ತಿದ್ರು," ಎಂದಳು ಪೆನ್ಸಿಲ್, ತುಂಬಾ ಹೊತ್ತಾದ ಮೇಲೆ. "ಈಗ ಬೆನ್ನು ಖಾಲಿ ಖಾಲಿ."

ದಿಂಬು ಒತ್ತಿಕೊಂಡು ಮಲಗು, ಲೈಟ್ ಹಾಕಿಕೋ, ನೀರು ಕುಡಿಯಬೇಡ... ಹತ್ತು ಐಡಿಯಾಗಳು ನಾಲಿಗೆಯ ತುದಿಗೆ ಬಂದವು. ರೇಡಿಯೊ ಹತ್ತನ್ನೂ ನುಂಗಿಕೊಂಡಳು.

"ನಿಮ್ಮಮ್ಮಂಗೆ ಹೇಳಿದ್ರೆ ನಗಲ್ವಾ?" ಪೆನ್ಸಿಲ್ ಕೇಳಿದಳು.

"ನಗಲ್ಲ. ಬರೆದಿದ್ದನ್ನ ಬೀಗ ಹಾಕಿಡ್ತಾಳೆ."

"ನೋಡೋಣ," ಎಂದಳು ಪೆನ್ಸಿಲ್. ಬೆಲ್ ಹೊಡೆಯಿತು. ಅವಳು ಮತ್ತೆ ಕೊನೆಯ ಬೆಂಚಿಗೇ ಹೋದಳು. ಆದರೆ ಬ್ಯಾಗನ್ನು ಪಕ್ಕಕ್ಕೆ ಸರಿಸಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಸಂಜೆ ಅಮ್ಮ ಕೇಳಿದಳು, "ಇವತ್ತು ಏನಾಯ್ತು?"

ರೇಡಿಯೊ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಪೆನ್ಸಿಲ್ ಜೊತೆ ಕೂತಿದ್ದೆ."

ಅಮ್ಮ ತಲೆಯಾಡಿಸಿ ಎದ್ದಳು. ಫೈಲುಗಳನ್ನು ಒಳಗಿಟ್ಟು, ಬೀಗ ಹಾಕಿ, ಹಿಡಿಯನ್ನು ಎರಡು ಸಲ ಜಗ್ಗಿದಳು.

"ತಡಿಯಮ್ಮ," ಎಂದು ರೇಡಿಯೊ ಹತ್ತಿರ ಬಂದು, ತಾನೂ ಒಂದು ಸಲ ಜಗ್ಗಿ ನೋಡಿದಳು.